ಗೋಡೆ ಬದಿಯ ಹೆಬ್ಬೆರಳು

ವಡಪಳನಿ, ಚೆನ್ನೈ
೬ ಮಾರ್ಚ್ ೨೦೨೫, ಗುರುವಾರ ಸಂಜೆ

ಪ್ರೀತಿಯ ತಮ್ಮ ದೀಕ್ಷಿತ್,

ಹೇಗಿದ್ದೀಯ? ಎಡ ಮೊಣಕಾಲಿನ ನೋವು ಇಳಿದಿರಬೇಕು. ಕಳೆದ ಪಂದ್ಯದಲ್ಲಿ ಎಪ್ಪತ್ತನೇ ನಿಮಿಷದ ಮೇಲೂ ಆ ಕಾಲಿನ ಮೇಲೆ ಭಾರ ಹಾಕಿ ತಿರುಗಿದ್ದನ್ನು ಎರಡು ಸಲ ನೋಡಿದೆ. ಸೈಪ್ರಸಿನಲ್ಲಿ ಇನ್ನೂ ಚಳಿ ಬಿಟ್ಟಿಲ್ಲವೆಂದು ಅಮ್ಮನಿಗೆ ಹೇಳಿದೆಯಂತೆ. ಅವಳು ಅದನ್ನು ಪಕ್ಕದ ಮನೆಯವರಿಗೂ ಹೇಳಿ ಬಂದಳು. ಇಲ್ಲಿ ಬಿಸಿಲು ಈಗಲೇ ಶುರುವಾಗಿದೆ. ಅಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಊಟ ಮಾತ್ರ ಸೇರುತ್ತಿಲ್ಲ. ಅಪ್ಪ ಹೋಗಿ ನಾಳೆಗೆ ಆರು ವಾರ. ಕಾಗದ ಯಾಕೆ ಎಂದು ನಿನಗೆ ಆಶ್ಚರ್ಯವಾಗಬಹುದು. ನೀನು ಫೋನ್ ಮಾಡಿದಾಗ ಅಮ್ಮ ಸ್ಪೀಕರ್ ಹಾಕಿಕೊಂಡು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಾಳೆ. ಅವಳು ಕೇಳಬಾರದ ಮಾತು ಕೆಲವು ಇವೆ.

ನನ್ನ ಕೆಲಸ ಏನೆಂದು ನೀನು ಒಮ್ಮೆಯೂ ಸರಿಯಾಗಿ ಕೇಳಲಿಲ್ಲ. ‘ಅಕ್ಕ ಎಂತದೋ ಬಟನ್ ಒತ್ತುದು ಮಾರಾಯ’ ಎಂದು ಗೆಳೆಯರಿಗೆ ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪಲ್ಲ. ನುಂಗಂಬಾಕ್ಕಂನ ನಮ್ಮ ಆಫೀಸಿನಲ್ಲಿ ನಲವತ್ತು ಜನ ಕೂತು ಹೊರದೇಶದ ಫುಟ್ಬಾಲ್ ಪಂದ್ಯಗಳ ವಿಡಿಯೊ ನೋಡುತ್ತೇವೆ. ಯಾರು ಯಾರಿಗೆ ಚೆಂಡು ಕೊಟ್ಟರು, ಎಷ್ಟನೇ ನಿಮಿಷ, ಯಾವ ಕಾಲು, ಎಲ್ಲವನ್ನೂ ಗುರುತು ಮಾಡುತ್ತೇವೆ. ಕೇಳಿದ ತಂಡಕ್ಕೆ ಎದುರಾಳಿಗಳ ಬಗ್ಗೆ ವರದಿಯನ್ನೂ ಕೊಡುತ್ತೇವೆ. ಎರಡು ವರ್ಷದ ಹಿಂದೆ ನೀನು ಆಡುವ ಸೈಪ್ರಸ್ ಲೀಗ್ ನಮ್ಮ ಪಾಲಿಗೆ ಬಂದಾಗ, ನಿಯಮದ ಪ್ರಕಾರ ನಾನು ಮೇಲಿನವರಾದ ತಿರುಮಲೇಶ ಅವರಿಗೆ ಹೋಗಿ ಹೇಳಿದೆ. ಅವರು ಮಂಡ್ಯದ ಕಡೆಯವರು. ‘ತಮ್ಮನಾ? ಒಳ್ಳೇದೇ ಆಯ್ತು ಬುಡಿ. ಈ ಹುಡುಗ್ರು ಅವನ ಹೆಸರನ್ನ ದೀಪಕ್ ಅಂತ ಹಾಕ್ತವ್ರೆ, ನೀವಾದ್ರೂ ಸರಿಯಾಗಿ ಬರೀತೀರಿ’ ಎಂದು ನಕ್ಕುಬಿಟ್ಟರು.

ವರದಿಯಲ್ಲಿ ನಿನ್ನ ಹಾಗೆ ಅಂಚಿನಲ್ಲಿ ಆಡುವ ಪ್ರತಿಯೊಬ್ಬ ವಿಂಗರ್‌ಗೂ ಒಂದು ಪ್ರಶ್ನೆ ಇರುತ್ತದೆ. ರಕ್ಷಕ ಎದುರು ನಿಂತಾಗ ಇವನು ಮೈದಾನದ ಅಂಚಿನ ಗೆರೆಗುಂಟ ಓಡುತ್ತಾನೋ, ಒಳಕ್ಕೆ ತಿರುಗುತ್ತಾನೋ, ಅದು ಮೊದಲೇ ತಿಳಿಯುವುದು ಹೇಗೆ? ನಿನ್ನ ಹದಿನೇಳನೇ ನಂಬರಿನ ಮುಂದೆ ಎರಡು ವರ್ಷದಿಂದ ನಾನು ‘ಮೊದಲೇ ತಿಳಿಯಲಾಗದು’ ಎಂದು ಬರೆಯುತ್ತಿದ್ದೇನೆ. ಅದನ್ನು ನಂಬಿ ಆಡಿದ ಮೂವರು ರಕ್ಷಕರನ್ನು ನೀನು ನಗೆಪಾಟಲು ಮಾಡಿದ್ದೀಯ. ನಾನು ಈ ಕೆಲಸಕ್ಕೆ ಸೇರಿದ ಮೇಲೆ ಗೊತ್ತಿದ್ದೂ ಬರೆದ ಸುಳ್ಳು ಅದೊಂದೇ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಅಪ್ಪ ದೋಸೆ ಹುಯ್ಯುತ್ತಿದ್ದ ಹೋಟೆಲಿನ ಹಿಂದಿನ ಓಣಿ ನೆನಪಿದೆಯಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ದೋಸೆ ಕಾವಲಿ ಆರಿರುತ್ತಿತ್ತು. ಅಪ್ಪ ಮಲಗದೆ ಲುಂಗಿ ಎತ್ತಿ ಕಟ್ಟಿಕೊಂಡು ಚರಂಡಿಯ ಹತ್ತಿರ ಗೋಲಿಗೆ ನಿಲ್ಲುತ್ತಿದ್ದರು. ನೀನು ಚೆಂಡು ತರುವವನು, ನಾನು ತಡೆಯುವವಳು. ನಿನ್ನ ಬಲಕ್ಕೆ ಗಾರೆ ಕಾಣದ ಇಟ್ಟಿಗೆ ಗೋಡೆ. ನಿನಗೆ ಏಳು ವರ್ಷವಿದ್ದಾಗ ಕಾವಲಿ ಮುಟ್ಟಿ ಬಲಗೈ ಹೆಬ್ಬೆರಳು ಸುಟ್ಟುಕೊಂಡೆ. ಅಪ್ಪ ಬಟ್ಟೆ ಸುತ್ತಿ, ‘ಗೋಡೆ ಬದಿ ಹೋಗುವಾಗ ಹೆಬ್ಬೆರಳು ಒಳಗೆ ಹಾಕು ಮಗಾ, ತಾಗುದಿಲ್ಲ’ ಎಂದರು. ಗಾಯ ತಿಂಗಳೊಳಗೆ ಮಾಯಿತು. ಅಭ್ಯಾಸ ಹೋಗಲಿಲ್ಲ. ಗೋಡೆ ಬದಿಗೆ ಓಡುವ ಮನಸ್ಸಾದರೆ, ಕಾಲು ಎತ್ತುವ ಮೊದಲೇ ನಿನ್ನ ಹೆಬ್ಬೆರಳು ಮುಷ್ಟಿಯೊಳಗೆ ಹೋಗುತ್ತಿತ್ತು. ಒಳಕ್ಕೆ ತಿರುಗುವುದಾದರೆ ಬೆರಳುಗಳೆಲ್ಲ ಬಿಚ್ಚಿರುತ್ತಿದ್ದವು. ಅದು ಕಣ್ಣಿಗೆ ಬಿದ್ದ ದಿನ ನಾನು ನಿನ್ನನ್ನು ಸಾಲಾಗಿ ಹನ್ನೊಂದು ಸಲ ತಡೆದೆ. ನೀನು ಚೆಂಡು ಎಸೆದು ಅತ್ತೆ. ಅಪ್ಪ ನನ್ನನ್ನು ರುಬ್ಬುವ ಕೋಣೆಗೆ ಕರೆದು, ‘ಗೊತ್ತಾಯ್ತಲ್ಲ ನಿಂಗೆ? ಯಾರಿಗೂ ಹೇಳ್ಬೇಡ. ಅವನಿಗೂ ಹೇಳ್ಬೇಡ, ಅದನ್ನೇ ಯೋಚನೆ ಮಾಡಿ ಓಡ್ಲಿಕ್ಕೆ ಮರೀತಾನೆ’ ಎಂದರು. ಹತ್ತೊಂಬತ್ತು ವರ್ಷ ಹೇಳಲಿಲ್ಲ. ಈಗ ನಿನ್ನ ಬಲಕ್ಕೆ ಗೋಡೆಯ ಬದಲು ಸುಣ್ಣದ ಗೆರೆ ಇದೆ. ಹೆಬ್ಬೆರಳು ಅದೇ.

ಇನ್ನು ಜನವರಿಯ ಮಾತು. ಅಪ್ಪ ತೀರಿಕೊಂಡ ಶುಕ್ರವಾರ ನೀನು ಅತ್ತದ್ದು ನಿಜವೆಂದೇ ನಂಬಿದ್ದೇನೆ. ಮರುದಿನ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಆಡಿದ್ದನ್ನೂ ತಪ್ಪೆನ್ನುವುದಿಲ್ಲ. ಹದಿಮೂರನೇ ದಿನದ ಉತ್ತರಕ್ರಿಯೆಗೆ, ಬೊಜ್ಜಕ್ಕೆ, ಬಾ ಎಂದಾಗ ನೀನು, ‘ತಂಡ ಬಿಡುದಿಲ್ಲ ಅಕ್ಕ. ಮ್ಯಾಚ್ ಉಂಟು. ಕಾಲು ಹಿಡಿದು ಕೇಳಿದೆ, ಆಗುದಿಲ್ಲ ಅಂದ್ರು’ ಎಂದೆ. ಫೆಬ್ರವರಿ ಮೂರು, ಸೋಮವಾರ ಬೆಳಿಗ್ಗೆ, ಬೊಜ್ಜಕ್ಕೆ ಎರಡು ದಿನ ಇರುವಾಗ, ಬೇರೆ ಎರಡು ತಂಡಗಳು ಶನಿವಾರ ಆಡಿದ ಪಂದ್ಯ ನನ್ನ ಪರದೆಗೆ ಬಂತು. ಅರವತ್ತಮೂರನೇ ನಿಮಿಷದಲ್ಲಿ ಚೆಂಡು ಹೊರಗೆ ಹೋಯಿತು, ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿತು. ನೀನು ಕೂತಿದ್ದೆ. ಕಪ್ಪು ಕನ್ನಡಕ, ಕೈಯಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ. ಪಕ್ಕದಲ್ಲಿ ಬಿಳಿಗೂದಲಿನವನೊಬ್ಬ, ಅವನ ಮಾತಿಗೆ ನೀನು ತಲೆ ಹಿಂದೆ ಹಾಕಿ ನಗುತ್ತಿದ್ದೆ. ನಿನ್ನ ತಂಡದ ಪುಟ ತೆಗೆದು ನೋಡಿದೆ. ತಂದೆಯ ಕ್ರಿಯೆಗೆಂದು ನಿನಗೆ ಹತ್ತು ದಿನ ರಜೆ ಕೊಟ್ಟಿದ್ದೇವೆ, ನೀನು ಭಾರತಕ್ಕೆ ಹೋಗಿದ್ದೀಯ ಎಂದು ಅವರು ಒಂದು ವಾರದ ಹಿಂದೆಯೇ ಪ್ರಕಟಿಸಿದ್ದರು. ಬಿಳಿಗೂದಲಿನವನು ಯಾರೆಂದು ಆಮೇಲೆ ನೀನೇ ಅಮ್ಮನಿಗೆ ಫೋನಿನಲ್ಲಿ ಹೇಳಿದೆ: ಗ್ರೀಸಿನ ದೊಡ್ಡ ತಂಡದವನು, ತಲೆಯೆಲ್ಲ ಬಿಳಿ, ಜನವರಿ ಕೊನೆಯಿಂದ ನಿನ್ನ ಜೊತೆ ಮಾತಾಡುತ್ತಿದ್ದಾನೆ.

ಅಮ್ಮನಿಗೆ ನಾನು ಏನೂ ಹೇಳಲಿಲ್ಲ. ಅದಕ್ಕೆ ತಕ್ಕದ್ದನ್ನು ಅನುಭವಿಸಿದೆ. ಬೊಜ್ಜದ ದಿನ ಅಪ್ಪನ ಹೆಸರಿನಲ್ಲಿ ಎಲೆ ಹಾಕಿ ಎಲ್ಲ ಬಡಿಸಿಯಾಗಿತ್ತು. ನಿನ್ನ ಜಾಗದಲ್ಲಿ ನಿಲ್ಲಲು ಚಿಕ್ಕಪ್ಪನ ಮಗ ಶಿವರಾಮು ತಲೆ ಬೋಳಿಸಿಕೊಂಡು ಬಂದಿದ್ದ. ಅಮ್ಮ ಅವನನ್ನು ಬಿಡಲಿಲ್ಲ. ‘ಒಂದ್ನಿಮಿಷ ನಿಲ್ಲು ಶಿವರಾಮು. ಅವ ಬಂದೇ ಬರ್ತಾನೆ. ಹೇಳದೆ ಬಂದು ಹೆದರಿಸುದು ಅವನ ಬುದ್ಧಿ’ ಎಂದು ಬಾಗಿಲಲ್ಲಿ ನಿಂತಳು. ಬೀದಿಯಲ್ಲಿ ಆಟೋ ನಿಂತ ಸದ್ದಾದಾಗಲೆಲ್ಲ ಸೆರಗು ಸರಿಮಾಡಿಕೊಂಡಳು. ಎಲೆಯ ಮೇಲೆ ಅನ್ನ ಒಣಗಿತು. ಅಪ್ಪನನ್ನು ಐತಪ್ಪಣ್ಣ ಎನ್ನುತ್ತ ಅವರ ಜೊತೆ ಇಪ್ಪತ್ತು ವರ್ಷ ಕಾವಲಿಯ ಮುಂದೆ ನಿಂತವರು ಸಂಜೆಯ ಕೆಲಸಕ್ಕೆ ಹೊತ್ತಾಯಿತೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಪ್ಲೈಯರ್ ಸಾಯಿ ನನ್ನ ಹತ್ತಿರ ಬಂದು ಮೆಲ್ಲಗೆ ‘ಅಕ್ಕಾ, ತಂಬಿ ವರಲಿಯಾ?’ ಎಂದು ತಮಿಳಿನಲ್ಲಿ, ತಮ್ಮ ಬರಲಿಲ್ಲವೇ ಎಂದು ಕೇಳಿದ. ನೀನು ಬರುವುದಿಲ್ಲವೆಂದು ಆ ಮನೆಯಲ್ಲಿ ಖಚಿತವಾಗಿ ಗೊತ್ತಿದ್ದವಳು ನಾನೊಬ್ಬಳೇ. ಒಂದು ಗಂಟೆ ಹತ್ತು ನಿಮಿಷ ಅಮ್ಮ ನಿಂತಿದ್ದಳು. ಸಮಯ ಬರೆದಿಡುವುದು ನನ್ನ ಕೆಲಸ, ಹಾಗಾಗಿ ನೆನಪಿದೆ. ಈಗಲೂ ಅವಳು ನಿನ್ನದೇ ಪಕ್ಷ. ‘ಪಾಪ, ಅವಂದು ಕೆಲ್ಸ ಅಲ್ವಾ. ಬಿಟ್ಟು ಬಂದ್ರೆ ಆ ಜಾಗದಲ್ಲಿ ಇನ್ನೊಬ್ಬ ಕೂತ್ಕೊಳ್ತಾನೆ’ ಎನ್ನುತ್ತಾಳೆ.

ಈ ಭಾನುವಾರದ ಪಂದ್ಯಕ್ಕೆ ಗ್ರೀಸಿನವರು ನಿನ್ನನ್ನು ನೋಡಲಿಕ್ಕೆಂದೇ ಬರುತ್ತಾರೆ, ಅಂದು ಚೆನ್ನಾಗಿ ಆಡಿದರೆ ಸಹಿ ಹಾಕುವುದೊಂದೇ ಬಾಕಿ ಎಂದು ಮೊನ್ನೆ ಹೇಳಿದೆಯಲ್ಲ. ಮುರುಗನ್ ಕೋವಿಲಿನಲ್ಲಿ ನಿನ್ನ ಹೆಸರಿಗೆ ಅರ್ಚನೆ ಮಾಡಿಸಲು ಅಮ್ಮ ಹೊರಟಿದ್ದಾಳೆ. ನಾನೇ ಕರೆದುಕೊಂಡು ಹೋಗುತ್ತೇನೆ. ನಿನ್ನ ನಕ್ಷತ್ರ ಅವಳಿಗೆ ಈಚೆಗೆ ನೆನಪಾಗುವುದಿಲ್ಲ, ನಾನು ಹೇಳಿಕೊಡಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೊಣಕಾಲಿಗೆ ಮಂಜುಗಡ್ಡೆ ಇಡುವುದನ್ನು ಬಿಡಬೇಡ. ನಿನ್ನ ಕಾಲುಗಳಿಗೆ ಯಾವ ಕೆಡುಕೂ ಆಗದಿರಲಿ. ಅಮ್ಮನ ಆಶೀರ್ವಾದ ನಿನಗೆ ಯಾವತ್ತೂ ಇದ್ದೇ ಇದೆ.

ನಿನ್ನ ಅಕ್ಕ,
ಪ್ರಣಮ್ಯಾ

ಮರೆತಿದ್ದೆ: ಭಾನುವಾರ ನಿನ್ನ ಎದುರು ಆಡುವ ತಂಡದವರು ನಮ್ಮಿಂದ ವರದಿ ಕೇಳಿದ್ದಾರೆ. ಹದಿನೇಳನೇ ನಂಬರಿನ ಮುಂದೆ ಇವತ್ತು ಹಳೆಯ ಮಾತು ಅಳಿಸಿ ಹೊಸದು ಬರೆದೆ. ‘ಬಲಗೈ ಹೆಬ್ಬೆರಳು ಮುಷ್ಟಿಯೊಳಗೆ ಹೋದರೆ ಗೆರೆಗುಂಟ ಓಡುತ್ತಾನೆ, ಬೆರಳು ಬಿಚ್ಚಿದ್ದರೆ ಒಳಕ್ಕೆ ತಿರುಗುತ್ತಾನೆ. ತಪ್ಪುವುದಿಲ್ಲ.’ ಜೊತೆಗೆ ಒಂಬತ್ತು ವಿಡಿಯೊ ತುಣುಕು ಇಟ್ಟಿದ್ದೇನೆ. ಇನ್ನೂ ಕಳಿಸಿಲ್ಲ. ನಾಳೆ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಕಳಿಸುತ್ತೇನೆ. ಅಪ್ಪನಿಗೆ ಕೊಟ್ಟ ಮಾತನ್ನು ಅಪ್ಪನ ಎಲೆಯ ಅನ್ನ ಒಣಗುವವರೆಗೆ ಇಟ್ಟುಕೊಂಡೆ, ಸಾಕು. ಈ ಕಾಗದವನ್ನು ಸಾಧಾರಣ ಏರ್‌ಮೇಲಿನಲ್ಲಿ ಹಾಕುತ್ತಿದ್ದೇನೆ, ನಿನ್ನ ಕೈಗೆ ಬರಲು ಎರಡು ವಾರವಾದರೂ ಬೇಕು. ಅಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ. ಅಮ್ಮ ಬಾಗಿಲಲ್ಲಿ ನಿಂತ ಒಂದು ಗಂಟೆ ಹತ್ತು ನಿಮಿಷ ಹೇಗಿರುತ್ತದೆಂದು ಮೈದಾನದಲ್ಲಿ ನಿನಗೂ ತಿಳಿದಿರುತ್ತದೆ. ತೊಂಬತ್ತು ನಿಮಿಷದ ಆಟದಲ್ಲಿ ಅದರ ಮೇಲೂ ಇಪ್ಪತ್ತು ನಿಮಿಷ ಇರುತ್ತದೆ.