ಅಮ್ಮನಿಂದ ಬಂದದ್ದು

ಕೆಲಮಂಗಲ
೧೪ ಜುಲೈ ೨೦೨೪

ಪುಟ್ಟಿ ವನಿತಾ,

ಫೋನಿನಲ್ಲಾದರೆ ಅಕ್ಕನ ದನಿ ಕೇಳುತ್ತಲೇ ಇಟ್ಟುಬಿಡುತ್ತೀಯ. ಕಾಗದ ಹರಿಯುವ ಮೊದಲು ಒಂದು ಸಾಲಾದರೂ ನಿನ್ನ ಕಣ್ಣಿಗೆ ಬಿದ್ದೀತು. ಅದಕ್ಕೇ ಮುಖ್ಯವಾದದ್ದನ್ನು ಮೊದಲು ಬರೆಯುತ್ತೇನೆ: ನೀನು ಒಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು.

ನನಗೆ ಸ್ತನ ಕ್ಯಾನ್ಸರ್. ನಮ್ಮ ಜೀವಕೋಶಗಳಲ್ಲಿ ಡಿಎನ್‌ಎ ದಿನವೂ ಅಲ್ಲಲ್ಲಿ ಹಾಳಾಗುತ್ತಲೇ ಇರುತ್ತದಂತೆ. ಅದನ್ನು ಸರಿಪಡಿಸುವ ಜೀನ್‌ಗಳೂ ಇವೆಯಂತೆ. ಬಿಆರ್‌ಸಿಎ೨ ಎಂಬ ಅಂಥದ್ದೊಂದು ನನ್ನಲ್ಲಿ ಹುಟ್ಟಿನಿಂದಲೇ ಕೆಟ್ಟಿದೆ. ಇದು ತಿಳಿದ ಮೇಲೆ ನನ್ನ ಚಿಕಿತ್ಸೆಯ ದಾರಿಯೇ ಬದಲಾಯಿತು. ಎರಡೂ ಸ್ತನ ತೆಗೆಸಲು ಒಪ್ಪಿದ್ದೇನೆ. ನಿನ್ನಲ್ಲೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ಇದ್ದರೆ ರೋಗ ಬಂದೇಬಿಟ್ಟಿತೆಂದಲ್ಲ. ವರ್ಷವರ್ಷವೂ ಸ್ಕ್ಯಾನ್ ಮಾಡಿಸಿಕೊಂಡು ಎಚ್ಚರದಿಂದಿರಬಹುದು. ನನಗೆ ಆ ಅವಕಾಶ ಸಿಗಲಿಲ್ಲ.

ಹೊಸೂರಿನಲ್ಲಿ ಡಾಕ್ಟರು ಮನೆಯಲ್ಲಿ ಯಾರು ಯಾರಿದ್ದೀರಿ ಎಂದು ಕೇಳಿದಾಗ ಅಮ್ಮ "ಒಬ್ಳೇ ಮಗ್ಳು ಸಾರ್" ಅಂದಳು. ತಂಗಿ ಇದ್ದಾಳೆ ಎಂದೆ ನಾನು. "ಅವ್ಳ್ಗೆ ತಲೆಮೇಲೆ ನೀರು ಹುಯ್ಕೊಂಡಾಯ್ತಲ್ಲೇ" ಎಂದು ಗೊಣಗಿದಳು. ನೀನು ಕುಮಾರೇಶನನ್ನು ಮದುವೆಯಾಗಿ ಕೃಷ್ಣಗಿರಿಗೆ ಹೋದ ದಿನ, ಸತ್ತವರಿಗೆ ಮಾಡುವಂತೆ ಮನೆಮಂದಿಯೆಲ್ಲ ತಲೆಗೆ ಸ್ನಾನ ಮಾಡಿದ್ದು ಡಾಕ್ಟರಿಗೇನು ಗೊತ್ತು? "ಇರುಕ್ಕಾಂಗಳಾ, ಇಲ್ಲಯಾಮ್ಮಾ?" ಎಂದರು, ಬದುಕಿದ್ದಾರೋ ಇಲ್ಲವೋ ಎಂದು. ಅಮ್ಮ ಗೋಡೆ ನೋಡುತ್ತ, "ಅವ್ಳೆ ಸಾರ್. ಗುಂಡುಕಲ್ಲಿನಂಗೆ ಅವ್ಳೆ" ಅಂದಳು.

ಅಮ್ಮನ ರಕ್ತವನ್ನೂ ಪರೀಕ್ಷೆ ಮಾಡಿದರು. ನನಗೆ ಬಂದದ್ದು ಅವಳಿಂದಲೇ. ಅದು ಗೊತ್ತಾದ ದಿನ ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿಕೊಂಡು, "ಒಂದು ಸೀರೆ ಕೊಡ್ಲಿಲ್ಲ ಆ ಮಗೀಗೆ, ಇದ್ನ ಕೊಟ್ಬುಟ್ನೇನೋ" ಎಂದು ಅತ್ತಳು. ಆ ಬಸ್ಸು ಊರಿಗೆ ಬರುವ ಬದಲು ನಿನ್ನ ಕಡೆ ತಿರುಗಬಾರದೇ ಅನ್ನಿಸಿತು ನನಗೆ.

ನಿನಗೊಬ್ಬಳು ಮಗಳಿದ್ದಾಳಂತೆ. ನಗುವಾಗ ಅವಳೂ ನಿನ್ನಂತೆ ಕಣ್ಣು ಮುಚ್ಚಿಕೊಳ್ಳುತ್ತಾಳಾ? ಇಷ್ಟು ವರ್ಷ ಬರದವಳು ಈಗ ಕಾಯಿಲೆ ಹಿಡಿದುಕೊಂಡು ನಿನ್ನ ಬಾಗಿಲು ತಟ್ಟುತ್ತಿದ್ದೇನೆ. ಇದು ನಿನಗಾಗಿಯೋ ನನಗಾಗಿಯೋ ಎಂದು ಬರೆಯುತ್ತ ಬರೆಯುತ್ತ ನನಗೇ ಅನುಮಾನ. ಉತ್ತರ ಬೇಡ. ನೀನು ಬರಬೇಕೆಂದೂ ಇಲ್ಲ. ಪರೀಕ್ಷೆ ಮಾಡಿಸಿಕೊ, ಅಷ್ಟು ಸಾಕು.

ನಿನ್ನ
ಪದ್ಮಕ್ಕ

ತಾ.ಕ.: ಆಗಸ್ಟ್ ಎಂಟಕ್ಕೆ ಆಪರೇಷನ್. ಆಸ್ಪತ್ರೆಯಲ್ಲಿ ಜೊತೆಗೆ ಯಾರಿರುತ್ತಾರೆ ಎಂದು ನರ್ಸ್ ಕೇಳಿದಳು. ನಿನ್ನ ಹೆಸರು ಹೇಳಿಬಿಟ್ಟೆ.