ಸೂರ್ಯಕಾಂತಿ ದಂಟಿನ ಬೂದಿಯನ್ನು ಯಾರು ಒಯ್ಯುತ್ತೀರಿ?

ಮಣ್ಣು ಸಂರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಹೊಲದಿಂದ ನೀವು ಹೀರಿ ತೆಗೆಸಿದ ವಿಷ ಇನ್ನೂ ನಮ್ಮ ಮನೆಯಲ್ಲೇ ಇದೆ. ಬಂದು ಒಯ್ಯಿರಿ ಎಂದು ನಿಮ್ಮ ಕಚೇರಿಯ ಕಿಟಕಿಯಲ್ಲಿ ಕೇಳಿ ಕೇಳಿ ಸಾಕಾಗಿ, ಈಗ ಊರಿಗೆಲ್ಲ ಕೇಳಿಸುವ ಹಾಗೆ ಕೇಳುತ್ತಿದ್ದೇನೆ.

ಕಥೆಯನ್ನು ಬುಡದಿಂದ ಹೇಳುತ್ತೇನೆ. ನಾನು, ನನ್ನ ಅಕ್ಕ ಸೊಪ್ಪು ಬೆಳೆಯುವವರು. ನಗರದ ಕೊಳಚೆ ನೀರು ಶುದ್ಧವಾದಾಗ ತಳದಲ್ಲಿ ಉಳಿಯುವ ಕೆಸರನ್ನು ಒಣಗಿಸಿ, ಪುಕ್ಕಟೆ ಗೊಬ್ಬರ ಎಂದು ನಮ್ಮ ಬದುವಿನವರೆಗೂ ತಂದು ಸುರಿಸಿದ್ದು ನಿಮ್ಮದೇ ಕಚೇರಿ. ಆಗ ನಿಮ್ಮ ಗಾಡಿಗಳಿಗೆ ನಮ್ಮ ಹೊಲದ ದಾರಿ ಚೆನ್ನಾಗಿ ಗೊತ್ತಿತ್ತು. ಆ ಕೆಸರಿನಲ್ಲಿ ಕಾರ್ಖಾನೆಗಳ ತೊಳೆನೀರಿನ ಕ್ಯಾಡ್ಮಿಯಂ ಎಂಬ ಲೋಹವೂ ಇತ್ತೆಂದು ನೀವು ಬಾಯಿಬಿಟ್ಟದ್ದು ನಾವು ವರ್ಷಗಟ್ಟಲೆ ಉಂಡ ಮೇಲೆ. ವಿಷ ಕುಡಿದ ಗಿಡ ಬಾಡಬೇಕಲ್ಲವೇ? ನಮ್ಮ ಪಾಲಕ್ ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಅಷ್ಟು ಚೆಂದದ್ದನ್ನು ಮಾರಲು ಮನಸ್ಸಾಗದೆ ಅಕ್ಕ ಮೊದಲ ಕಂತೆಯನ್ನು ಮನೆಗೇ ಇಟ್ಟುಕೊಳ್ಳುತ್ತಿದ್ದಳು.

ಈಗ ಅವಳ ಮೂತ್ರಪಿಂಡ ಸೋತಿದೆ, ಮೂಳೆ ಮೆತ್ತಗಾಗಿದೆ. ಕೂತರೆ ಏಳಲು ಗೋಡೆ ಬೇಕು. ವೈದ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ಒಳಗೆ ಸೇರಿದ್ದನ್ನ ತೆಗೆಯೋ ಔಷಧಿ ನನ್ನ ಹತ್ರ ಇಲ್ಲಮ್ಮ. ಇನ್ನು ಮೇಲೆ ಸೇರದ ಹಾಗೆ ನೋಡ್ಕೊಳ್ಳಿ, ಅಷ್ಟೇ." ಅಂದಿನಿಂದ ಅಕ್ಕ ಸೊಪ್ಪು ಕೀಳುತ್ತಿದ್ದದ್ದು ಹಿತ್ತಿಲ ಮಡಿಯಿಂದ ಮಾತ್ರ. ನಿಮ್ಮ ಕೆಸರು ಮುಟ್ಟದೆ ಉಳಿದಿದ್ದ ಮಣ್ಣು ಅದೊಂದೇ.

ಆಮೇಲೆ ನಿಮ್ಮ ಕ್ಷೇತ್ರಾಧಿಕಾರಿ ಬಂದಳು. ಒಳ್ಳೆಯ ಹೆಣ್ಣುಮಗಳು, ಚಪ್ಪಲಿ ಬಿಟ್ಟು ಹೊಲಕ್ಕಿಳಿದಳು. ಸುಣ್ಣ ಹಾಕಿದರೆ ಲೋಹ ಮಣ್ಣಲ್ಲೇ ಮಲಗಿರುತ್ತದೆ, ಸೂರ್ಯಕಾಂತಿ ಹಾಕಿದರೆ ಎದ್ದು ಗಿಡಕ್ಕೆ ಬರುತ್ತದೆ ಎಂದಳು. ಎಬ್ಬಿಸೋಣ ಎಂದು ತೀರ್ಮಾನಿಸಿ ಬೀಜ ಕೊಟ್ಟದ್ದು ನೀವು.

"ಬಲಿತ ಮೇಲೆ ಬೇರು ಸಮೇತ ಕಿತ್ತು ಬದುವಿನ ಮೇಲೆ ಒಟ್ಟಿ, ಅಜ್ಜಿ. ನಮ್ಮ ಗಾಡಿ ಬಂದು ಒಯ್ಯುತ್ತೆ."

"ಅಜ್ಜಿ ಅನ್ಬೇಡಮ್ಮ. ಮುದಿಯಾಗಿರೋದು ಮೂಳೆ ಮಾತ್ರ," ಎಂದಳು ಅಕ್ಕ. "ಒಯ್ದು ಏನು ಮಾಡ್ತೀರಿ?"

"ಅದನ್ನ ನಮಗೆ ಬಿಡಿ."

ಬಿಟ್ಟೆವು. ಹೂ ಅರಳಿತು, ನಿಮ್ಮವರು ಬಂದು ಚಿತ್ರ ತೆಗೆದರು. ನಿಮ್ಮ ಕಚೇರಿಯ ಮೊಗಸಾಲೆಯಲ್ಲಿ ಈಗಲೂ ನಮ್ಮ ಹೊಲ ಹಳದಿ ಹಳದಿಯಾಗಿ ನಗುತ್ತಿದೆ. ಗಿಡ ಕಿತ್ತು ಒಟ್ಟಿದೆವು. ಗಾಡಿ ಬರಲಿಲ್ಲ. ಕ್ಷೇತ್ರಾಧಿಕಾರಿಗೆ ವರ್ಗವಾಯಿತು. ಬಿತ್ತಲು ಹೊಲವಿಲ್ಲದ ನಾನು ಹಗಲೆಲ್ಲ ಪೇಟೆಯಲ್ಲಿ ಮೂಟೆ ಹೊರಲು ಹೋಗತೊಡಗಿದೆ. ಚಳಿ ಶುರುವಾಗುವ ಹೊತ್ತಿಗೆ ಒಟ್ಟಿಲು ಕರಗುತ್ತಾ ಬಂದದ್ದು ಕಂಡು, ಪರವಾಗಿಲ್ಲ, ನಿಮ್ಮ ಗಾಡಿ ಸ್ವಲ್ಪ ಸ್ವಲ್ಪವೇ ಸಾಗಿಸುತ್ತಿದೆ ಎಂದುಕೊಂಡೆ. ನಿಮ್ಮನ್ನು ಮನಸ್ಸಿನಲ್ಲೇ ಹೊಗಳಿದೆ ಕೂಡ. ಆ ಹೊಗಳಿಕೆಯನ್ನು ಈಗ ವಾಪಸು ಪಡೆದಿದ್ದೇನೆ.

"ಅಂತೂ ಗಾಡಿ ಬಂತಲ್ಲಕ್ಕ," ಎಂದೆ ಒಂದು ದಿನ.

"ಯಾವ ಗಾಡಿ? ನಾನೇ ದಿನಾ ಒಂದೊಂದು ಹೊರೆ ತಂದೆ. ಒಣಗಿದ ದಂಟು, ಒಲೆಯಲ್ಲಿ ಎಷ್ಟು ಚೆನ್ನಾಗಿ ಉರೀತು ಗೊತ್ತಾ."

"ಅಯ್ಯೋ, ಅದರಲ್ಲಿ ವಿಷ ಇತ್ತಲ್ಲೇ."

"ಬೆಂಕಿಗೆ ಹಾಕಿದ ಮೇಲೆ ಯಾವ ವಿಷ ಉಳಿಯುತ್ತೆ?"

"ಅದು ಲೋಹ ಅಕ್ಕ. ಪಾತ್ರೆ ಒಲೆ ಮೇಲಿಟ್ಟರೆ ಪಾತ್ರೆ ಸುಟ್ಟು ಹೋಗುತ್ತಾ? ಬೂದಿನ ಏನು ಮಾಡ್ದೆ?"

ಅವಳು ಹಿತ್ತಿಲ ಕಡೆ ನೋಡಿದಳು.

ದಂಟು ಒಲೆಗೆ, ಒಲೆಯ ಬೂದಿ ಸೊಪ್ಪಿನ ಮಡಿಗೆ. ನಮ್ಮ ಅವ್ವ ಕಲಿಸಿದ್ದು ಹಾಗೆ, ಅವ್ವನಿಗೆ ಅವಳ ಅವ್ವ. ಹೊಲದಿಂದ ಬಂದದ್ದು ಮಣ್ಣಿಗೇ ಹೋಗಬೇಕು, ಕಡ್ಡಿಯೂ ವ್ಯರ್ಥವಾಗಬಾರದು. ಸುಡಬೇಡಿ ಎಂಬ ಒಂದೇ ಒಂದು ಮಾತನ್ನು ನಿಮ್ಮ ಕಚೇರಿಯಲ್ಲಿ ಯಾರೂ ಹೇಳಲಿಲ್ಲ. ಯಾಕೆ ಹೇಳುತ್ತಾರೆ? ಗಾಡಿ ಬರುತ್ತದಲ್ಲ!

ಒಂದೂರಿನಲ್ಲಿ ಹಾವಾಡಿಗನೊಬ್ಬನಿದ್ದನಂತೆ. ಯಾರದೋ ಹಿತ್ತಿಲ ಹಾವು ಹಿಡಿದು ಮಡಕೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, "ಆಮೇಲೆ ಬಂದು ಒಯ್ತೀನಿ" ಎಂದು ಅವರ ಅಡುಗೆಮನೆಯಲ್ಲೇ ಇಟ್ಟು ಹೋದನಂತೆ. ಊರವರೆಲ್ಲ ಅವನಿಗೆ ಶಾಲು ಹೊದಿಸಿದರು. ಮನೆಯಾಕೆ ಬೇಳೆಯ ಮಡಕೆ ಎಂದು ಕೈ ಹಾಕಿದಳು. ಚಿಕ್ಕವನಿದ್ದಾಗ ಈ ಕಥೆ ಕೇಳಿ ನಗುತ್ತಿದ್ದೆ.

ಉಳಿದ ಬೂದಿಯನ್ನು ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ನಿಮ್ಮ ಕಿಟಕಿಗೆ ತಂದೆ.

"ಗಿಡ ಆಗಿದ್ರೆ ನಮಗೆ ಬರುತ್ತೆ. ಬೂದಿ ನಮಗೆ ಬರಲ್ಲ," ಎಂದರು ನಿಮ್ಮ ಗುಮಾಸ್ತರು.

"ಇದು ನಿಮ್ಮ ಗಿಡದ್ದೇ ಬೂದಿ ಸ್ವಾಮಿ."

"ಹಾಗಾದ್ರೆ ಗಿಡ ತೋರಿಸಿ."

ಮೊಗಸಾಲೆಯ ಚಿತ್ರ ತೋರಿಸಿದೆ. ಅವರು ನಗಲಿಲ್ಲ. ಹಿತ್ತಿಲ ಮಣ್ಣನ್ನಾದರೂ ಪರೀಕ್ಷೆ ಮಾಡಿಸಿ ಎಂದೆ. ನಕ್ಷೆ ಬಿಚ್ಚಿ, ನಮ್ಮ ಮನೆಯ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿಗೆ ಕೆಸರೇ ಹಾಕಿಲ್ಲ. ಇದು ಶುದ್ಧ ಮಣ್ಣು, ಪರೀಕ್ಷೆಗೆ ಬರಲ್ಲ," ಎಂದರು. ಮಲಿನವಾದ ಮಣ್ಣಿಗೆ ಹೂವಿನ ಚಿತ್ರ, ಶುದ್ಧ ಮಣ್ಣಿಗೆ ಬೂದಿ. ಮಾನ್ಯರೇ, ಇದಕ್ಕೆ ಸಂರಕ್ಷಣೆ ಎಂಬ ಹೆಸರಿಟ್ಟವರು ಯಾರು?

ಹೊಲ ಮೊದಲಿನಂತಾಗಲಿ ಎಂದು ನಾನು ಕೇಳುತ್ತಿಲ್ಲ. ಮಣ್ಣಿಗೂ ಲೋಹಕ್ಕೂ ಇರುವುದು ಒಂದು ಬೆಳೆಗೆ ಬಿಡುವ ನಂಟಲ್ಲ ಎಂದು ನಿಮ್ಮ ಕ್ಷೇತ್ರಾಧಿಕಾರಿಯೇ ಹೇಳಿದ್ದಳು. ನಮ್ಮ ಕಾಲಕ್ಕೆ ಅದು ಸೊಪ್ಪಿನ ಹೊಲವಾಗುವುದಿಲ್ಲ. ಅಕ್ಕನ ಮೂಳೆಯನ್ನೂ ವಾಪಸು ಕೇಳುತ್ತಿಲ್ಲ. ಡಬ್ಬಿಯನ್ನು ಒಯ್ಯಿರಿ. ಹಿತ್ತಿಲ ಮಣ್ಣನ್ನು ಪರೀಕ್ಷಿಸಿ, ತಿನ್ನಬಹುದೋ ಬಾರದೋ ಎಂದು ಅಕ್ಕನ ಮುಖ ನೋಡಿ ಹೇಳಿರಿ. ಮುಂದಿನ ಸಲ ಯಾರಿಗಾದರೂ ಆ ಬೀಜ ಕೊಡುವಾಗ, ದಂಟು ಒಲೆಗಲ್ಲ ಎಂದು ಬಾಯಿಬಿಟ್ಟು ಹೇಳಿರಿ.

ನೀವು ಬರುವುದಿಲ್ಲ ಎಂಬುದು ಅಕ್ಕನಿಗೂ ಗೊತ್ತಿದೆ. ಆದರೂ ದಿನಾ ಗೋಡೆ ಹಿಡಿದು ಹಿತ್ತಿಲಿಗೆ ಹೋಗಿ ಮಡಿಗೆ ನೀರು ಹಾಕುತ್ತಾಳೆ. ಕೀಳುವುದಿಲ್ಲ. "ಮತ್ಯಾಕೆ ನೀರು?" ಎಂದರೆ, "ಅದೇನು ತಪ್ಪು ಮಾಡಿದೆ ಪಾಪ," ಎನ್ನುತ್ತಾಳೆ. ಸೊಪ್ಪು ಮೊಣಕಾಲೆತ್ತರ ಬೆಳೆದಿದೆ. ಎಣ್ಣೆ ಸವರಿದಂತೆ ಮಿರುಗುತ್ತಿದೆ.

ಇಂತಿ,
ನಿಮ್ಮ ಮೊಗಸಾಲೆಯ ಚಿತ್ರದಲ್ಲಿ ಹೂವುಗಳ ಮರೆಗೆ ನಿಂತಿದ್ದು, ಕಾಣದೇ ಹೋದ
ಸೊಪ್ಪಿನವನು