ಮೌನಾನ ಕಳಿಸಿಕೊಟ್ಟ ಬೇಸಿಗೆ

ಮಾರ್ಚ್ 10, ಸೋಮವಾರ. ಬೆಳಿಗ್ಗೆ

ದೋಸೆ ಹಿಟ್ಟು ಮತ್ತೆ ಹುಳಿ. ಈ ಮದ್ರಾಸಿನ ಸೆಕೆಗೆ ಹೊರಗಿಟ್ರೆ ಇಷ್ಟೇ. ಕೆಳಗಿನ ಮನೆ ಕೌಸಲ್ಯಾ ಮಾಮಿ ಹೇಳಿದ್ರು — ಮಾರ್ಚ್ ಬಂತು ಅಂದ್ರೆ ಐಸ್ ನೀರಲ್ಲಿ ರುಬ್ಬು, ಉಪ್ಪು ಬೆಳಿಗ್ಗೆ ಹಾಕು ಅಂತ. ಮರೆತೆ. ಸ್ವಲ್ಪ ರವೆ, ಈರುಳ್ಳಿ ಸೇರಿಸಿ ಹುಯ್ದೆ. ಹುಳಿ ಗೊತ್ತಾಗ್ಲಿಲ್ಲ. ಮೌನ ಮಾತಾಡ್ತಾನೇ ತಿಂದ್ಲು. ಅಕ್ಕ ತನ್ನ ಮಗಳಿಗೆ ಇಟ್ಟ ಹೆಸರು. ಹೆಸರಿಗೂ ಹುಡುಗಿಗೂ ಸಂಬಂಧವೇ ಇಲ್ಲ. ಅದೂ ಅರ್ಧಕ್ಕರ್ಧ ತಮಿಳು. "ಹಾಲು ಕುಡಿದ್ಯಾ?" ಅಂದ್ರೆ "ಕುಡಿಚ್ಚಿಟ್ಟೇನ್ ಚಿಕ್ಕಿ" ಅಂತಾಳೆ.

ವ್ಯಾನ್ ಹತ್ತಿಸಿ ಬಂದೆ. ಶುಕ್ರವಾರದ ಯೂನಿಫಾರ್ಮ್ ಶರ್ಟಿನ ಮೇಲೆ ಸಾಂಬಾರ್. ನಿಂಬೆಹಣ್ಣು, ಉಪ್ಪು ಉಜ್ಜಿ ಟೆರೇಸಲ್ಲಿ ಒಣಗಿಹಾಕಿದೀನಿ. ಅರಿಶಿನದ ಕಲೆ ಬಿಸಿಲಿಗೇ ಹೋಗ್ಬೇಕು, ಸೋಪಿಗಲ್ಲ.

ಮಧ್ಯಾಹ್ನ

ಲಿಖಿತ್ ಭಾವ ಫೋನ್ ಮಾಡಿದ್ರು. ಮಗಳ ಹತ್ರ ಮಾತಾಡೋಕೆ ಭಾನುವಾರ ಮಾಡೋರು. ಇವತ್ತು ಸೋಮವಾರ.

"ಅನು, ಒಂದನೇ ಕ್ಲಾಸಿಗೆ ಮೌನಾನ ಇಲ್ಲೇ ಸೇರಿಸೋಣ ಅಂತ. ಮಂಡ್ಯದಲ್ಲಿ ಸೀಟು ಹೇಳಿಟ್ಟಿದೀನಿ. ಜಯಲಕ್ಷ್ಮೀನೂ ಅದನ್ನೇ ಹೇಳ್ತಿದಾಳೆ… ಮನೆ ಅಂತ ಒಂದಾಯ್ತಲ್ಲ ಈಗ."

ಹೂಂ ಭಾವ, ಅಂದೆ.

ಅಷ್ಟೇ ಅಂದಿದ್ದು. ಬೇರೆ ಏನಾದ್ರೂ ಅನ್ಬೋದಿತ್ತು.

ಅಕ್ಕ ಹೋದಾಗ ಮೌನಂಗೆ ಇನ್ನೂ ಸರಿಯಾಗಿ ನಡೆಯೋಕೆ ಬರ್ತಿರ್ಲಿಲ್ಲ. ಜ್ವರ ಅಂತ ಆಸ್ಪತ್ರೆಗೆ ಹೋದ ಅಕ್ಕ ವಾಪಸ್ ಬರ್ಲಿಲ್ಲ. ಭಾವ ಊಟ ಬಿಟ್ಟು, ಮಾತು ಬಿಟ್ಟು ಕೂತಿದ್ರು. ನಾನೇ ಎತ್ಕೊಂಡು ಬಂದೆ, ನೀವು ಸರಿಹೋಗೋ ತನಕ ಭಾವ ಅಂತ. ಈಗ ಸರಿಹೋಗಿದಾರೆ, ಜಯಲಕ್ಷ್ಮೀನ ಮದುವೆಯಾಗಿದಾರೆ. ಸಂತೋಷಪಡ್ಬೇಕು.

ಮಾರ್ಚ್ 11

ಮೋಹನ್‌ಗೆ ಹೇಳಿದೆ. ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡೇ ನಿಂತಿದ್ರು. ಶೋಳಿಂಗನಲ್ಲೂರಿನ ಆಫೀಸಿಂದ ಬಂದ ತಕ್ಷಣ ಹೇಳ್ಬಾರ್ದಿತ್ತು. "ಅವಳ್ನೇ ಒಂದ್ಸಲ ಕೇಳಿದ್ರೆ?" ಅಂದ್ರು.

"ಏನಂತ? ಯಾರ್ ಬೇಕು ನಿಂಗೆ ಅಂತಾನಾ? ಆರು ವರ್ಷದ ಮಗೂನ?"

ಅಷ್ಟರಲ್ಲಿ ಮೌನ ಓಡಿಬಂದ್ಲು — "ಚಿಪ್ಪಾ, ರೌಂಡ್!" ಚಿಕ್ಕಪ್ಪ ಅಂತ ಪೂರ್ತಿ ಯಾವತ್ತೂ ಅಂದಿಲ್ಲ. ದಿನಾ ಸಂಜೆ ಸ್ಟೇಷನ್ ತನಕ ಸ್ಕೂಟರಲ್ಲಿ ಒಂದು ಸುತ್ತು. ಇವತ್ತು ತುಂಬಾ ಹೊತ್ತು ಬರ್ಲಿಲ್ಲ ಇಬ್ರೂ.

ಮಾರ್ಚ್ 23, ಭಾನುವಾರ

ಮದ್ದೂರಿಂದ ಅವ್ವನ ಫೋನ್. ಅವಳಿಗೆ ಗೋಳು ಹೇಳ್ಕೊಂಡ್ರೆ ಸಮಾಧಾನ ಸಿಗುತ್ತೆ ಅಂದ್ಕೊಂಡೆ.

"ಅಪ್ಪ ಕೇಳ್ತಾವ್ನೆ ಕಣವ್ವ. ಕೊಡ್ದೆ ಇರಕ್ಕಾಯ್ತದಾ? ನನ್ ಮಗಳ ಕೂಸು ಅದು. ನಂಗ್ ಸಂಕಟ ಇಲ್ವಾ?"

"ನಂಗೆ, ಅವ್ವಾ?"

ಆ ಕಡೆ ಮೂಗು ಸೀಟಿದ ಸದ್ದು. "ನಿಂಗ್ ಏನ್ ಹೇಳ್ಲಿ ಹೇಳು ಮಗ" ಅಂದು ಇಟ್ಬಿಟ್ಲು.

ಪಲ್ಯದ ತಳ ಹತ್ತಿತ್ತು. ಹತ್ತಿದ ಪಾತ್ರೆಗೆ ಮಜ್ಜಿಗೆ ಹಾಕಿ ಕುದಿಸಿದ್ರೆ ತಾನಾಗೇ ಬಿಡುತ್ತೆ. ಬಿಡ್ತು.

ಏಪ್ರಿಲ್ 19

ಪರೀಕ್ಷೆ ಮುಗೀತು. ಹೇಳಲೇಬೇಕಿತ್ತು, ಹೇಳಿದೆ. ಅಪ್ಪನ ಮನೆ, ದೊಡ್ಡ ಸ್ಕೂಲು, ಹಿತ್ತಲಲ್ಲಿ ಸೀಬೆ ಮರ… ಏನೇನೋ. ಕೇಳಿಸ್ಕೊಂಡ್ಲು.

"ನೀಯುಂ ವರಿಯಾ?"

"ನಾನು ಬರಲ್ಲ ಕಂದ. ಚಿಪ್ಪಂಗೆ ಇಲ್ಲಿ ಆಫೀಸಿದೆ."

"ಅಪ್ಪೋ ನಾನುಂ ಇಂಗೇಯೇ ಇರುಕ್ಕೇನ್." ಹಂಗಾದ್ರೆ ನಾನೂ ಇಲ್ಲೇ ಇರ್ತೀನಿ ಅಂತ. ಮುಗೀತು, ತೀರ್ಮಾನ ಆಯ್ತು ಅನ್ನೋ ಥರ ಆಡೋಕೆ ಹೋದ್ಲು.

ಏಪ್ರಿಲ್ 26, ಶನಿವಾರ

ಜಯಲಕ್ಷ್ಮೀ ಬಂದಿದಾಳೆ. ಒಬ್ಳೇ. ಅವಳದೇ ಯೋಚನೆಯಂತೆ — "ಒಂದೇ ಸಲ ಎಳ್ಕೊಂಡ್ ಹೋದ್ರೆ ಮಗು ಹೆದರುತ್ತೆ ಅಕ್ಕ. ನಿಮ್ಮನೇಲೇ ಸ್ವಲ್ಪ ದಿನ ಇದ್ದು ಪರಿಚಯ ಮಾಡ್ಕೋತೀನಿ. ನಿಮಗೆ ತೊಂದರೆ ಇಲ್ದಿದ್ರೆ."

ಕೆಟ್ಟವಳಾಗಿದ್ರೆ ಚೆನ್ನಾಗಿರ್ತಿತ್ತು. ಹಾಸನದ ಕಡೆಯವಳು. ಹಾಸಿಗೆ ಹಿಡಿದಿದ್ದ ಅಪ್ಪಾಜೀನ ನೋಡ್ಕೊಂಡು ಮದುವೆ ತಡ ಆಯ್ತಂತೆ. ಕೈಯಲ್ಲಿ ಕೊಬ್ಬರಿ ಮಿಠಾಯಿ ಡಬ್ಬಿ. ಮೌನ ನನ್ನ ಸೆರಗಿನ ಹಿಂದೆ. ಡಬ್ಬಿ ಮಾತ್ರ ಇಸ್ಕೊಂಡ್ಲು.

ದಿನವಿಡೀ ಕೇಳ್ತಾಳೆ. ಅನ್ನ ಎಷ್ಟು ಮೆತ್ತಗೆ? ಜಡೆ ಎಷ್ಟು ಬಿಗಿ? ಜ್ವರ ಬಂದ್ರೆ ಯಾವ ಸಿರಪ್ಪು? ಹೇಳಿದೆ. ಮುದ್ದೆ ಪುಟ್ಟ ಗೋಲಿ ಥರ ಮಾಡಿ, ತುಪ್ಪದಲ್ಲಿ ಹೊರಳಿಸಿ ಕೊಡು, ಇಲ್ದಿದ್ರೆ ನುಂಗಲ್ಲ. ಕೂದಲಿಗೆ ಗಮ್ಮು, ಬಬಲ್‌ಗಮ್ಮು ಅಂಟಿಸ್ಕೊಂಡ್ರೆ ಕತ್ತರಿಸ್ಬೇಡ, ಕೊಬ್ಬರಿ ಎಣ್ಣೆ ಹಚ್ಚು. ಎಲ್ಲಾ ಹೇಳಿದೆ.

ಎಲ್ಲಾ ಅಲ್ಲ.

ಏಪ್ರಿಲ್ 27, ಭಾನುವಾರ

ಇದನ್ನ ಬರೀಬೇಕಾ ಗೊತ್ತಿಲ್ಲ.

ತಲೆಸ್ನಾನದ ದಿನ. ಜಯ ನಾನೇ ಮಾಡಿಸ್ಲಾ ಅಕ್ಕ ಅಂದ್ಲು. ಮಾಡ್ಸು ಅಂದೆ. ಮೌನಂಗೆ ಕಿವಿಗೆ ನೀರು ಹೋದ್ರೆ ದಿನಗಟ್ಟಲೆ ನೋವು. ನೀರು ಮುಖದ ಮೇಲೆ ಇಳಿದ್ರೆ ಉಸಿರು ಕಟ್ಟಿದ ಹಾಗೆ ಕಿರುಚ್ತಾಳೆ. ಅದಕ್ಕೆ ಹತ್ತಿಗೆ ಕೊಬ್ಬರಿ ಎಣ್ಣೆ ಸವರಿ ಕಿವಿಗಿಡ್ತೀನಿ. ತಲೆ ಹಿಂದಕ್ಕೆ ಬಾಗಿಸಿ, ಗೀಸರಿನ ಕೆಂಪು ದೀಪ ನೋಡು, ಅದು ಯಾವಾಗ ಆರುತ್ತೆ ಹೇಳು ಅಂತೀನಿ. ಅದನ್ನೇ ನೋಡ್ತಿರ್ತಾಳೆ. ಅಷ್ಟರಲ್ಲಿ ಮುಗಿದಿರುತ್ತೆ.

ಹೇಳ್ಲಿಲ್ಲ.

ಬಾತ್‌ರೂಮಿಂದ ಕಿರುಚಾಟ. "ಚಿಕ್ಕೀ! ಚಿಕ್ಕೀ ವಾ!" ನಾನು ಅಡುಗೆಮನೇಲಿ ಕಾಯಿ ತುರೀತಿದ್ದೆ. ತುರೀತಾನೇ ಇದ್ದೆ. ಸಂಕಟ ಆಯ್ತು, ಆದ್ರೆ… ಖುಷೀನೂ ಆಯ್ತು. ಆಯ್ತು, ನಿಜ. ನನ್ನನ್ನೇ ಕರೀತಿದಾಳೆ ಅಂತ.

ಕಿರುಚಾಟ ನಿಂತು ಬಿಕ್ಕಳಿಕೆ ಆಯ್ತು. ಜಯ ಹೊರಗೆ ಬಂದ್ಲು. ಸೀರೆಯೆಲ್ಲಾ ಒದ್ದೆ, ಕಣ್ಣು ಕೆಂಪು. ನನ್ನನ್ನ ಬೈತಾಳೆ ಅಂದ್ಕೊಂಡೆ. "ನಾನೇ ಏನೋ ತಪ್ಪು ಮಾಡ್ದೆ ಅಕ್ಕ. ನಂಗೆ ಮಕ್ಕಳು ಗೊತ್ತಿಲ್ಲ. ನೀವು ಹೇಳ್ಕೊಡ್ಬೇಕು."

ಕಾಯಿ ಹೋಳು ಕೆಳಗಿಟ್ಟೆ. ಒಳಗೆ ಹೋದ್ರೆ ಮೌನ ಮೂಲೇಲಿ ಕಿವಿ ಮುಚ್ಕೊಂಡು ಕೂತಿದ್ಲು, ಕೂದಲ ತುಂಬಾ ಶಾಂಪೂ ನೊರೆ. ಎತ್ಕೊಂಡೆ. ಜಯನ್ನೂ ಒಳಗೆ ಕರ್ದೆ. ಹತ್ತಿ, ಎಣ್ಣೆ, ಕೆಂಪು ದೀಪ… ಒಂದೊಂದೇ ತೋರಿಸ್ದೆ. ಕೊನೇ ಚೊಂಬು ಅವಳ ಕೈಲೇ ಹುಯ್ಸಿದೆ.

ಸಂಜೆ ಕಿವಿ ನೋವು ಬಂತು. ಬಿಸಿ ಬಟ್ಟೆ ಒತ್ತಿದೆ. ನನ್ನಿಂದ ಬಂದ ನೋವು.

ಮೇ 4, ಭಾನುವಾರ

ಬಾತ್‌ರೂಮಲ್ಲಿ ನಗು. ಇಬ್ರದ್ದೂ. "ಆರಿತು! ಆರಿತು!" ಅಂತ ಕೂಗ್ತಿದಾಳೆ. ಕನ್ನಡದಲ್ಲಿ.

ಟೆರೇಸಿಗೆ ಬಂದು ಕೂತಿದೀನಿ. ಒಣಗಿಸೋಕೆ ಬಟ್ಟೆ ಏನಿಲ್ಲ. ಸುಮ್ನೆ.

ಮೇ 8

ಕೌಸಲ್ಯಾ ಮಾಮಿ ಮೆಟ್ಟಿಲ ಮೇಲೆ ತಡೆದ್ರು. ಹುಟ್ಟಿದ್ದು ಬೆಳೆದಿದ್ದೆಲ್ಲಾ ಮದ್ರಾಸೇ, ಅವರ ಕನ್ನಡದಲ್ಲಿ ಅರ್ಧ ತಮಿಳು, ಉಳಿದದ್ದು ಅವರಜ್ಜಿಯ ಉತ್ತರದ ಕಡೆ ಮಾತು. "ಏನಮ್ಮಾ, ಕೊಳಂದೆನ ಕಳ್ಸೇ ಬಿಡ್ತೀಯಾ? ನಿನ್ ಜಾಗದಾಗ ನಾ ಇದ್ದಿದ್ರ ಕಳ್ಸ್ತಿರ್ಲಿಲ್ಲ ಪೋ." ಆಮೇಲೆ ಅವರೇ ಕಣ್ಣೊರೆಸ್ಕೊಂಡ್ರು. "ಇಲ್ಲ, ಕಳ್ಸು. ಆನಾ ಅವಳ ಮುಂದ ಅಳಬ್ಯಾಡ. ಅದೇ ನೆನಪಿರ್ತದ ಮಗೂಗೆ."

ಟ್ರೈನಲ್ಲಿ ವಾಂತಿಗೆ ಒಣ ಶುಂಠಿ ಪುಡಿ, ಸಕ್ಕರೆ ಬೆರೆಸಿ ಪೊಟ್ಟಣ ಕಟ್ಟಿಕೊಟ್ರು.

ಮೇ 10, ಶನಿವಾರ

ಸೆಂಟ್ರಲ್ ಸ್ಟೇಷನ್ನಿಂದ ಬಂದ್ವಿ. ಊಟ ಬೇಡ.

ಬೆಳಗಿನ ಟ್ರೈನು. ಅಳ್ಲಿಲ್ಲ ನಾನು. ಮೌನಾನೂ ಅಳ್ಲಿಲ್ಲ — ಕಿಟಕಿ ಸೀಟು ಸಿಕ್ತು ಅಂತ ಕುಣೀತಿದ್ಲು. ನಾವು ಕೆಳಗಿಳಿದಾಗ ಮುಖ ಸ್ವಲ್ಪ ಬದಲಾಯ್ತು. ಜಯ ಏನೋ ಹೇಳಿದ್ಲು ಕಿವೀಲಿ.

ಎಸಿ ಬೋಗಿ, ಕಪ್ಪು ಗಾಜು, ಒಳಗೆ ಏನೂ ಕಾಣಲ್ಲ. ಟ್ರೈನ್ ಹೊರಡ್ತು. ಮೋಹನ್ ಗಾಜು ಬಡಿದ್ರು, ಕೈ ಬೀಸ್ತಾ ಜೊತೇಲೇ ಓಡಿದ್ರು. ಯಾರ್ಯಾರಿಗೋ ಡಿಕ್ಕಿ ಹೊಡೀತಾ. ಪ್ಲಾಟ್‌ಫಾರ್ಮ್ ಮುಗಿಯೋ ತನಕ. ನಾನು ನಿಂತಲ್ಲೇ ಕೈ ಬೀಸಿದೆ, ನಗ್ತಾ, ಮಾಮಿ ಹೇಳಿದ ಹಾಗೆ.

ಆಮೇಲೆ ಜಯ ಮೆಸೇಜ್ ಮಾಡಿದ್ಲು. ಊಟ ಮಾಡಿದ್ಲು, ಮಲಗಿದಾಳೆ ಅಂತ. ಕೆಳಗೆ ಇನ್ನೊಂದು ಸಾಲು. "ಅಕ್ಕ, ನೀವಿಬ್ರೂ ಪಕ್ಕದ ಕಿಟಕಿಗೆ ಕೈ ಮಾಡ್ತಿದ್ರಿ. ನಾವು ಅದರ ಹಿಂದಿನದ್ರಲ್ಲಿ ಇದ್ವಿ. ಮೌನ ಇಲ್ಲಿ ಇಲ್ಲಿ ಅಂತ ಕೂಗ್ತಿದ್ಲು."

ಮೋಹನ್‌ಗೆ ತೋರಿಸ್ಲಿಲ್ಲ. ತೋರಿಸಲ್ಲ.

ಮೇ 19

ಅಣ್ಣಾಚಿ ದಿನಸಿ ಅಂಗಡಿಗೆ ಹೋದೆ, ತೊಗರಿಬೇಳೆಗೆ. ಬೇಳೆ ಕಟ್ಟಿಕೊಟ್ಟು, ಕೇಳದೇ ಒಂದು ಚಾಕಲೇಟ್ ಎತ್ತಿ ಮೇಲಿಟ್ಟ. ದಿನಾ ಕೊಡೋದು. "ಪಾಪಾ ವರಲಿಯಾ?" ಅಂದ. ಪಾಪ ಬಂದಿಲ್ವಾ ಅಂತ. ಊರಿಗೆ ಹೋಗಿದಾಳೆ ಅಂದೆ. ಲೀವಾ? ಹೂಂ, ಲೀವು.

ಇಸ್ತ್ರಿಯವನೂ ಕೇಳ್ದ. ವ್ಯಾನ್ ಡ್ರೈವರೂ ಸಿಗ್ನಲಲ್ಲಿ ಕಂಡು ಹಾರ್ನ್ ಮಾಡ್ದ. ಎಲ್ರಿಗೂ ಲೀವು ಅಂತಲೇ ಹೇಳ್ತಿದೀನಿ. ದೊಡ್ಡ ಊರು, ಯಾರೂ ಯಾರನ್ನೂ ಕೇಳಲ್ಲ ಅಂತ ಹೇಳಿದ್ದೋರು ಈ ಬೀದಿ ನೋಡಿಲ್ಲ. ಪಕ್ಕದ ಬೀದಿ ಸುತ್ತಿ ಬರ್ತೀನಿ ಈಗ.

ಚಾಕಲೇಟ್ ಮೋಹನ್‌ಗೆ ಕೊಟ್ಟೆ. ತಿನ್ಲಿಲ್ಲ. ಜೇಬಲ್ಲಿಟ್ಕೊಂಡ್ರು.

ಮೇ 21

ಜೇಬು ನೋಡ್ದೆ ಮೆಷಿನ್‌ಗೆ ಹಾಕ್ಬಿಟ್ಟೆ. ಮೋಹನ್ ಬಿಳಿ ಶರ್ಟ್ ಪೂರ್ತಿ ಕಂದು. ಚಾಕಲೇಟ್ ಕಲೆಗೆ ಬಿಸಿ ನೀರು ಹಾಕ್ಬಾರ್ದು, ಕೂತ್ಬಿಡುತ್ತೆ. ತಣ್ಣೀರು, ಪಾತ್ರೆ ಸೋಪು, ಒಳಮಗ್ಗಲಿಂದ ಉಜ್ಜಬೇಕು. ಉಜ್ಜಿದೆ. ಉಜ್ಜುತ್ತಾ ಉಜ್ಜುತ್ತಾ ಅಲ್ಲೇ ಬಾತ್‌ರೂಮ್ ನೆಲದ ಮೇಲೆ ಕೂತು ಅತ್ತೆ. ಮೊದಲ ಸಲ. ನಲ್ಲಿ ಬಿಟ್ಟಿದ್ದೆ, ಟ್ಯಾಂಕರ್ ನೀರು, ಹರೀತಾನೇ ಇತ್ತು. ಮೋಹನ್ ಬಂದು ನಲ್ಲಿ ನಿಲ್ಲಿಸಿ ಪಕ್ಕದಲ್ಲಿ ಕೂತ್ರು. ಆಫೀಸಿಗೂ ಹೋಗ್ಲಿಲ್ಲ.

ಜೂನ್ 15

ಫೋನ್. ಸ್ಕೂಲ್ ಇಷ್ಟ ಆಗಿದೆಯಂತೆ. ಶ್ರೀಶ ಅಂತ ಒಬ್ಬ ಹುಡುಗ ಪೆನ್ಸಿಲ್ ಕಚ್ತಾನಂತೆ. "ಚಿಕ್ಕಿ, ನೀ ಯಾವಾಗ್ ಬತ್ತೀಯಾ?" ಬತ್ತೀಯಾ! ಅವ್ವನ ಥರ. ನಗು ಬಂತು.

ಬರ್ತೀನಿ ಕಂದ ಅಂದೆ. ಭಾವ ಆಮೇಲೆ ಮೆಲ್ಲಗೆ ಹೇಳಿದ್ರು, ಈಗ್ಲೇ ಬಂದ್ರೆ ಮತ್ತೆ ಹಠ ಹಿಡೀತಾಳೆ, ಸ್ವಲ್ಪ ತಡೀರಿ, ಅಂತ. ನ್ಯಾಯವೇ. ತಡೀತೀನಿ.

ಆಗಸ್ಟ್ 17

ಫೋನಿಗೆ ಬರ್ಲಿಲ್ಲ. ಆಟ ಆಡ್ತಿದಾಳಂತೆ. ಹಿಂದಿನ ವಾರಾನೂ.

ಸೆಪ್ಟೆಂಬರ್ 18, ಗುರುವಾರ. ಸಂಜೆ

ದಸರಾ ರಜಕ್ಕೆ ಬರ್ತಿದಾಳೆ! ಒಂದು ವಾರ. ಭಾವ ಕರ್ಕೊಂಡು ಬಂದು ಬಿಟ್ಟು ಹೋಗ್ತಾರೆ. ಬೆಳಿಗ್ಗೆಯಿಂದ ಮನೆ ತೊಳೀತಿದೀನಿ. ಚಕ್ಕುಲಿಗೆ ಅಕ್ಕಿ ತೊಳೆದು ನೆರಳಲ್ಲಿ ಹರಡಿದೀನಿ. ಮೋಹನ್ ರಜಾ ಹಾಕಿದಾರೆ.

ಈಗ ಜಯ ಫೋನ್ ಮಾಡಿದ್ಲು.

"ಅಕ್ಕ, ಒಂದೆರಡು ವಿಷಯ ಹೇಳ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ."

"ಹೇಳು ಜಯ."

"ಈಗ ಬೀನ್ಸ್ ಮುಟ್ಟಲ್ಲ ಅವಳು. ಬಸಳೆ ಸಾರು ಅಂದ್ರೆ ಪ್ರಾಣ. ಹೊಸಬರು ಕಂಡ್ರೆ ಸ್ವಲ್ಪ ನಾಚ್ಕೋತಾಳೆ, ಮಾತಾಡ್ಲಿಲ್ಲ ಅಂದ್ರೆ ಬಲವಂತ ಮಾಡ್ಬೇಡಿ ಅಕ್ಕ. ಮಲಗೋವಾಗ ಬೆನ್ನು ತಟ್ಟಬಾರ್ದು, ಪಾದ ಸವರ್ಬೇಕು. ಮತ್ತೆ… ಹೊಸ ಜಾಗ ಅಲ್ವಾ, ಮೊದಲ ದಿನ ಅಳಬೋದು. ಅತ್ರೆ ನಂಗೊಂದು ವಿಡಿಯೋ ಕಾಲ್ ಮಾಡಿ. ನನ್ನ ಮುಖ ನೋಡಿದ್ರೆ ಸುಮ್ನಾಗ್ತಾಳೆ."

ಹೊಸ ಜಾಗ ಅಂದ್ಲು. ಬೇಕಂತ ಅಂದಿದ್ದಲ್ಲ. ಗೊತ್ತು ನಂಗೆ, ಅಂಥವಳಲ್ಲ ಅವಳು. ಮಾತಿನ ಓಘದಲ್ಲಿ ಬಂದಿದ್ದು.

ಬಸಳೆ ನಮ್ಮ ಕಡೆ ಅಂಗಡೀಲಿ ಸಿಗಲ್ಲ, ಕೋಯಂಬೇಡು ಮಾರ್ಕೆಟ್ಟಿಗೇ ಹೋಗ್ಬೇಕು. ಪಾದ ಸವರ್ಬೇಕು. ಬೆನ್ನಲ್ಲ, ಪಾದ.

"ಆಗ್ಲಿ ಜಯ. ಹಂಗೇ ಮಾಡ್ತೀನಿ. ಇನ್ನೇನಾದ್ರೂ ಇದ್ರೆ ಹೇಳು" ಅಂದೆ. ಹೇಳಿದ್ಲು, ಇನ್ನೂ ಏನೇನೋ. ಹೂಂಗುಟ್ಟಿದೆ.

ಮೋಹನ್ ಬಂದ್ರು. ಕೈಯಲ್ಲಿ ಏನೋ ಆಟದ ಸಾಮಾನು, ದೊಡ್ಡ ಡಬ್ಬಿ. "ಏನಂದ್ಲು ಜಯ?" ಅಂತ ಬಾಗಿಲಿಂದಲೇ ಕೇಳ್ತಿದಾರೆ. ಎಷ್ಟು ಖುಷೀಲಿದಾರೆ. ಏನಂದ್ಲು ಅಂತ ಹೇಳ್ಲಿ… ಬಸಳೆ ತರ್ಬೇಕಂತೆ ಅಂತ ಹೇಳ್ತೀನಿ. ಅಷ್ಟೇ ಹೇಳ್ತೀನಿ. ಉಳಿದಿದ್ದು ನನ್ನ ಹತ್ರಾನೇ ಇರ್ಲಿ.